ಶ್ರೀಮತಿ ಝಾನ್ ವಿಲ್‌ಪ್ರೂ ಪವರ್ (1794–1871)

ಕಡಲನ್ನು ಕಾಣದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲಿನ ಜೀವಿಗಳ ವಿಷಯವು ಕಥೆಯಂತೆ ತೋರುವುದು ಸಹಜವೇ ಆಗಿದೆ. ದಢೇಸುಗೂರಿನ ಕಡೆ ಹರಿಯುವ ತುಂಗಭದ್ರೆಯ ನೀರು ಕೃಷ್ಣೆಯನ್ನು ಕೂಡಿ ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುವುದಾದರೂ, ಆ ನೀರು ಸೇರುವ ಕಡಲನ್ನು ಕಣ್ಣಾರೆ ಕಾಣುವ ಭಾಗ್ಯವು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳ ಬಾಲಕಿಯರೆಲ್ಲರಿಗೂ ದೊರೆತಿಲ್ಲ. ಈ ಲೇಖನದಲ್ಲಿ ಯಾವ ಮಹಿಳೆಯ ಚರಿತ್ರೆಯನ್ನು ಹೇಳಲು ಹೊರಟಿರುವೆವೋ ಆಕೆಯೂ ಕಡಲಿನಿಂದ ದೂರವಾದ ಹಳ್ಳಿಯಲ್ಲಿಯೇ ಹುಟ್ಟಿದವಳು. ಆದರೂ ಕಡಲಿನ ಪ್ರಾಣಿಗಳನ್ನು ಗಾಜಿನ ತೊಟ್ಟಿಯಲ್ಲಿ ಜೀವಂತವಾಗಿರಿಸಿ, ಅವುಗಳ ಬಾಳನ್ನು ಕ್ರಮವಾಗಿ ಅಭ್ಯಾಸ ಮಾಡುವ ಮಾರ್ಗವನ್ನು ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿಯು ಆಕೆಗೆ ಸಲ್ಲುತ್ತದೆ. ಇಂದು ತಮ್ಮ ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿಯನ್ನಿಟ್ಟು ಬಣ್ಣಬಣ್ಣದ ಮೀನುಗಳನ್ನೂ ಹವಳಗಳನ್ನೂ ಸಾಕುವವರೆಲ್ಲರೂ, ತಾವು ತಿಳಿಯದಿದ್ದರೂ, ಈ ಮಹಿಳೆಗೆ ಋಣಿಗಳಾಗಿದ್ದಾರೆ.

ಝಾನ್ ವಿಲ್‌ಪ್ರೂ ಎಂಬ ಈಕೆಯು 1794ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಫ್ರಾನ್ಸ್ ದೇಶದ ಕೊರೇಜ್ ಪ್ರಾಂತಕ್ಕೆ ಸೇರಿದ ಜುಯಾಕ್ ಎಂಬ ಗ್ರಾಮದಲ್ಲಿ ಜನಿಸಿದಳು. ತಂದೆಯು ಪಾದರಕ್ಷೆಗಳನ್ನು ಹೊಲಿದು ಸಂಸಾರವನ್ನು ಸಾಗಿಸುತ್ತಿದ್ದನು. ಬಾಲ್ಯದಲ್ಲಿಯೇ ತಾಯಿಯು ಮರಣ ಹೊಂದಿದಳು. ಬಡವರ ಮನೆಯ ಹೆಣ್ಣು ಮಕ್ಕಳಿಗೆ ಆ ಕಾಲದಲ್ಲಿ ದೊರೆಯುತ್ತಿದ್ದ ಅಲ್ಪ ಓದುಬರಹದ ಹೊರತು ಬೇರೆ ವಿದ್ಯೆಯೇನೂ ಆಕೆಗೆ ಲಭಿಸಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ, ಹೊಲಿಗೆಯ ಕೆಲಸವನ್ನು ಅರಸಿಕೊಂಡು, ನಾನೂರು ಕಿಲೋಮೀಟರುಗಳಿಗೂ ಮಿಕ್ಕ ದೂರದ ಪ್ಯಾರಿಸ್ ನಗರಕ್ಕೆ ಆಕೆಯು ಬಹುಪಾಲು ಕಾಲ್ನಡಿಗೆಯಿಂದಲೇ ಹೊರಟಳು. ದಾರಿಯಲ್ಲಿ ಒದಗಿದ ಕಷ್ಟಗಳಿಂದ ತಡವಾಗಿ ನಗರವನ್ನು ಸೇರಿದಾಗ, ಆಕೆಗೆ ಕೊಡಬೇಕೆಂದಿದ್ದ ಕೆಲಸವು ಬೇರೊಬ್ಬರ ಪಾಲಾಗಿದ್ದಿತು. ಆದರೂ ಎದೆಗುಂದದೆ ಮತ್ತೊಬ್ಬ ಉಡುಪುಗಾರರ ಅಂಗಡಿಯಲ್ಲಿ ಸೇರಿಕೊಂಡು, ಸೂಜಿ ದಾರಗಳ ಕೆಲಸದಲ್ಲಿ ಕೈಚಳಕವನ್ನು ಸಂಪಾದಿಸಿದಳು. 1816ರಲ್ಲಿ ಸಿಸಿಲಿಯ ರಾಜಕುಮಾರಿ ಕ್ಯಾರೊಲಿನಳಿಗೂ ಬೆರಿಯ ಡ್ಯೂಕನಿಗೂ ವಿವಾಹವು ನಡೆದಾಗ, ವಧುವಿನ ಉಡುಪನ್ನು ಸಿದ್ಧಗೊಳಿಸಿದ ಕೈಗಳು ಈಕೆಯವೇ. ಈ ಕೆಲಸದಿಂದ ಆಕೆಗೆ ಹೆಸರು ಬಂದಿತು. ಜೇಮ್ಸ್ ಪವರ್ ಎಂಬ ವರ್ತಕನ ಪರಿಚಯವೂ ಆಯಿತು. 1818ರಲ್ಲಿ ಮೆಸ್ಸಿನಾ ನಗರದಲ್ಲಿ ಅವರ ವಿವಾಹವು ಜರುಗಿತು.

ಮೆಸ್ಸಿನಾ ನಗರವು ಸಿಸಿಲಿ ದ್ವೀಪದ ಈಶಾನ್ಯ ಮೂಲೆಯಲ್ಲಿ, ಇಟಲಿಯ ನೆಲವನ್ನೂ ದ್ವೀಪವನ್ನೂ ಬೇರ್ಪಡಿಸುವ ಕಿರಿದಾದ ಜಲಸಂಧಿಯ ದಡದಲ್ಲಿದೆ. ಅಲ್ಲಿಯ ಪ್ರವಾಹಗಳು ಬಲವಾದವು. ಆಳದ ಕಡಲಿನ ಎಷ್ಟೋ ಜೀವಿಗಳನ್ನು ಅವು ತೀರದ ಬಳಿಗೆ ತಂದು ಬಿಡುತ್ತವೆ. ಸಂಪನ್ನನಾದ ಪತಿಯ ಮನೆಯಲ್ಲಿ ಇನ್ನು ಹೊಲಿದು ಬಾಳಬೇಕಾದ ಅಗತ್ಯವಿರಲಿಲ್ಲ. ದೊರೆತ ಬಿಡುವನ್ನು ಆಕೆಯು ಆಲಸ್ಯದಲ್ಲಿ ಕಳೆಯಲಿಲ್ಲ. ಗುರುವಿಲ್ಲದೆ, ಪಾಠಶಾಲೆಯಿಲ್ಲದೆ, ತಾನೇ ಪುಸ್ತಕಗಳನ್ನೋದಿ ಪ್ರಕೃತಿಶಾಸ್ತ್ರವನ್ನು ಕಲಿತಳು. ದ್ವೀಪವನ್ನೆಲ್ಲಾ ಸುತ್ತಿ ಗಿಡಗಳು, ಚಿಟ್ಟೆಗಳು, ಚಿಪ್ಪುಗಳು, ಕಲ್ಲಾಗಿ ಮಾರ್ಪಟ್ಟ ಪ್ರಾಚೀನ ಜೀವಿಗಳು ಮುಂತಾದವುಗಳನ್ನು ಸಂಗ್ರಹಿಸಿ, ಒಂದೊಂದನ್ನೂ ವರ್ಣಿಸಿ ಬರೆದಿಟ್ಟಳು. ಸಿಸಿಲಿಯನ್ನು ಕುರಿತು ಆಕೆಯು ರಚಿಸಿದ ಮಾರ್ಗದರ್ಶಿಯು 1842ರಲ್ಲಿ ಪ್ರಕಟವಾಯಿತು.

ಆಕೆಯ ಹೆಸರನ್ನು ಸ್ಥಿರಗೊಳಿಸಿದುದು ಆರ್ಗೋನಾಟ್ ಎಂಬ ಒಂದು ಪ್ರಾಣಿಯ ವಿಷಯವಾದ ಸಂಶೋಧನೆ. ಇದು ಅಷ್ಟಪದಿಯ ಜಾತಿಗೆ ಸೇರಿದ ಜೀವಿ. ಹೆಣ್ಣು ಪ್ರಾಣಿಯು ಕಾಗದದಂತೆ ತೆಳುವಾಗಿಯೂ ಬೆಳ್ಳಗಾಗಿಯೂ ಇರುವ ಚಿಪ್ಪಿನಲ್ಲಿ ಕುಳಿತು ಕಡಲಿನಲ್ಲಿ ತೇಲಾಡುತ್ತದೆ. ಆ ಚಿಪ್ಪಿಗೂ ಅದರ ದೇಹಕ್ಕೂ ಅಂಟಿಕೆಯೇ ಇಲ್ಲ. ಬಸವನಹುಳುವಿನ ಚಿಪ್ಪಿನಂತೆ ಅದು ದೇಹಕ್ಕೆ ಕೂಡಿಕೊಂಡಿರದು. ಆದುದರಿಂದ ವಿದ್ವಾಂಸರಲ್ಲಿ ಬಹುಕಾಲದ ವಿವಾದವೊಂದು ನಡೆದಿತ್ತು. ಸನ್ಯಾಸಿ ಏಡಿಯು ಸತ್ತ ಶಂಖದಲ್ಲಿ ಹೊಕ್ಕು ವಾಸಿಸುವಂತೆ, ಈ ಪ್ರಾಣಿಯೂ ಅನ್ಯರ ಚಿಪ್ಪನ್ನು ಕದ್ದು ವಾಸಿಸುತ್ತದೆಂದು ಫ್ರಾನ್ಸಿನ ಬ್ಲಾನ್‌ವಿಲ್ ಮೊದಲಾದ ಪಂಡಿತರು ಹೇಳುತ್ತಿದ್ದರು. ಅದರ ಎರಡು ತೋಳುಗಳ ತುದಿಯಲ್ಲಿರುವ ಅಗಲವಾದ ಪೊರೆಗಳನ್ನು ಹಾಯಿಗಳೆಂದು ಅರಿಸ್ಟಾಟಲನ ಕಾಲದಿಂದಲೂ ಜನರು ನಂಬಿದ್ದರು. ಈ ವಾದವೆಲ್ಲವೂ ಸತ್ತ ಪ್ರಾಣಿಯನ್ನೂ ಬರಿಯ ಚಿಪ್ಪನ್ನೂ ನೋಡಿ ಮಾಡಿದ ವಾದವು. ಜೀವಂತವಾದ ಪ್ರಾಣಿಯು ಏನು ಮಾಡುತ್ತದೆಂಬುದನ್ನು ದಿನದಿನವೂ ನೋಡುತ್ತಾ ಕುಳಿತವರು ಯಾರೂ ಇರಲಿಲ್ಲ. ನೋಡುವುದಕ್ಕೆ ಸಾಧನವೇ ಇರಲಿಲ್ಲ.

ಆ ಸಾಧನವನ್ನು ಶ್ರೀಮತಿ ಪವರಳು 1832ರ ಸುಮಾರಿಗೆ ತಾನೇ ಕಲ್ಪಿಸಿದಳು. ಆಕೆಯು ಮೂರು ಬಗೆಯ ತೊಟ್ಟಿಗಳನ್ನು ಮಾಡಿಸಿದಳು. ಮೊದಲನೆಯದು ಮನೆಯೊಳಗೆ ಇಟ್ಟು ನೋಡತಕ್ಕ ಗಾಜಿನ ತೊಟ್ಟಿ. ಎರಡನೆಯದು ಪಂಜರದೊಳಗೆ ಗಾಜನ್ನು ಕೂಡಿಸಿ, ತೀರದ ಬಳಿಯ ನೀರಿನಲ್ಲಿ ಇಳಿಬಿಡತಕ್ಕ ಸಣ್ಣ ಪೆಟ್ಟಿಗೆ. ಮೂರನೆಯದು ದೊಡ್ಡ ಪ್ರಾಣಿಗಳಿಗಾಗಿ ಲಂಗರು ಹಾಕಿ ಕಡಲಿನ ಆಳದಲ್ಲಿ ನಿಲ್ಲಿಸುವ ಪಂಜರ. ಪಂಜರಗಳೊಳಗೆ ಕಡಲಿನ ನೀರು ತಾನಾಗಿಯೇ ಹರಿದಾಡುವುದರಿಂದ ಪ್ರಾಣಿಗೆ ಉಸಿರಾಟದ ತೊಂದರೆಯಿಲ್ಲ. ಮನೆಯ ತೊಟ್ಟಿಯಲ್ಲಿ ಹಾಗಲ್ಲ. ನಿಂತ ನೀರು ಬೇಗನೆ ಕೆಡುವುದು, ಅದರೊಳಗಿನ ಜೀವಿಯೂ ಸಾಯುವುದು. ಆದುದರಿಂದ ತೊಟ್ಟಿಯನ್ನು ಕಟ್ಟುವುದಕ್ಕಿಂತ ಅದನ್ನು ಕಾಪಾಡಿಕೊಂಡು ಬರುವುದೇ ಕಠಿನವಾದ ಕಾರ್ಯ. ಮನೆವಾರ್ತೆಯನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ.

ಹೀಗೆ ಸಾಕಿದ ಆರ್ಗೋನಾಟುಗಳಿಗೆ ಆಹಾರವನ್ನಿತ್ತು, ಆಕೆಯು ವರ್ಷಗಟ್ಟಲೆ ಅವುಗಳ ನಡೆಯನ್ನು ಪರೀಕ್ಷಿಸಿದಳು. ಚಿಪ್ಪಿನ ಒಂದು ಭಾಗವನ್ನು ಮುರಿದು, ಪ್ರಾಣಿಯು ಮುಂದೇನು ಮಾಡುವುದೆಂದು ನೋಡಿದಳು. ಹಾಯಿಯೆಂದು ಕರೆಯಿಸಿಕೊಂಡಿದ್ದ ಆ ಪೊರೆಗಳನ್ನು ಪ್ರಾಣಿಯು ಚಿಪ್ಪಿನ ಮೇಲೆ ಹರಡಿ, ಅವುಗಳಿಂದ ಒಸರುವ ದ್ರವ್ಯದಿಂದ ಮುರಿದ ಎಡೆಯನ್ನು ತಾನೇ ತುಂಬಿಕೊಂಡಿತು. ಮರಿಯು ಮೊಟ್ಟೆಯಿಂದ ಹೊರಡುವಾಗ ಅದಕ್ಕೆ ಚಿಪ್ಪೇ ಇರುವುದಿಲ್ಲವೆಂಬುದನ್ನೂ, ಬಳಿಕ ಬೆಳೆದಂತೆ ಅದು ಚಿಪ್ಪನ್ನು ಕಟ್ಟಿಕೊಳ್ಳುವುದೆಂಬುದನ್ನೂ ಆಕೆಯು ಕಂಡಳು. ಕಳ್ಳನೆಂದು ನಿಂದಿಸಲ್ಪಟ್ಟಿದ್ದ ಆ ಬಡಪ್ರಾಣಿಯು ತನ್ನ ಮನೆಯನ್ನು ತನ್ನ ತೋಳುಗಳಿಂದಲೇ ಕಟ್ಟಿಕೊಂಡದ್ದೆಂಬುದು ನಿರ್ವಿವಾದವಾಯಿತು. ಮೊಟ್ಟೆಗಳನ್ನು ಕಾಪಾಡುವ ತೊಟ್ಟಿಲೂ ಆ ಚಿಪ್ಪೇ ಆಗಿದೆ.

ಈ ಫಲಿತಾಂಶಗಳು 1834ರಲ್ಲಿ ಕತಾನಿಯಾ ನಗರದ ಜೊಯೇನಿಯಾ ವಿದ್ವತ್ಸಭೆಯ ಮುಂದೆ ಬಂದವು. ಗಾಜಿನ ತೊಟ್ಟಿಯನ್ನು ಕಲ್ಪಿಸಿ ಅದನ್ನು ಶಾಸ್ತ್ರಕ್ಕೆ ಉಪಯೋಗಿಸಿದ ಮಾನವು ಆಕೆಯದೇ ಎಂದು ಅದೇ ವರ್ಷ ಪ್ರೊಫೆಸರ್ ಮರವಿನ್ಯ ಎಂಬವರು ಬರೆದರು. 1839ರಲ್ಲಿ ಪ್ರಖ್ಯಾತ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ಆಕೆಯ ಸಿದ್ಧಾಂತವನ್ನು ಎತ್ತಿ ಹಿಡಿದನು. ಸ್ತ್ರೀಯರಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಯೂರೋಪಿನ ಹತ್ತಕ್ಕೂ ಹೆಚ್ಚು ವಿದ್ವತ್ಸಭೆಗಳು ಪಾದರಕ್ಷೆ ಹೊಲಿಯುವವನ ಮಗಳನ್ನು ತಮ್ಮ ಸದಸ್ಯಳನ್ನಾಗಿ ಸ್ವೀಕರಿಸಿದವು.

ಆಕೆಯ ದೃಷ್ಟಿಯು ಒಂದೇ ಪ್ರಾಣಿಯಲ್ಲಿ ನಿಲ್ಲಲಿಲ್ಲ. ಕಪ್ಪೆಚಿಪ್ಪಿನ ಜಾತಿಯ ದೊಡ್ಡ ಪ್ರಾಣಿಯೊಂದು ಬಾಯಿ ತೆರೆದಿರುವ ಸಮಯವನ್ನು ಕಾದು, ಅದು ಮತ್ತೆ ಮುಚ್ಚದಂತೆ ಅಷ್ಟಪದಿಯು ಕಲ್ಲೊಂದನ್ನು ನಡುವೆ ಇಟ್ಟು ತಿನ್ನುವ ಯುಕ್ತಿಯನ್ನು ಆಕೆಯು ವರ್ಣಿಸಿದಳು. ಮೀನುಗಳು ಕಡಿಮೆಯಾದ ನದಿಗಳಲ್ಲಿ, ಪಂಜರಗಳಲ್ಲಿ ಸಾಕಿದ ಮರಿಗಳನ್ನು ಬಿಟ್ಟು ಸಂತತಿಯನ್ನು ವೃದ್ಧಿಗೊಳಿಸಬಹುದೆಂಬ ಸಲಹೆಯನ್ನೂ ಕೊಟ್ಟಳು.

1843ರಲ್ಲಿ ದಂಪತಿಗಳು ಸಿಸಿಲಿಯನ್ನು ಬಿಟ್ಟರು. ಆಕೆಯು ಇಷ್ಟು ವರ್ಷಗಳಿಂದ ಕೂಡಿಸಿದ್ದ ಸಂಗ್ರಹವನ್ನೂ ಬರಹಗಳನ್ನೂ ಚಿತ್ರಗಳನ್ನೂ ಹೊತ್ತು ಸಾಗಿದ ಹಡಗು ಮುಳುಗಿ ಹೋಯಿತು. ಕಡಲಿನಿಂದ ಆಕೆಯು ಪಡೆದುದರಲ್ಲಿ ಬಹುಭಾಗವನ್ನು ಕಡಲೇ ಹಿಂದಕ್ಕೆ ತೆಗೆದುಕೊಂಡಿತು. ಮುಂದೆ ಲಂಡನ್ ಮತ್ತು ಪ್ಯಾರಿಸ್ ನಗರಗಳಲ್ಲಿ ವಾಸಿಸುತ್ತಾ ಆಕೆಯು ಲೇಖನಗಳನ್ನು ಬರೆದಳೇ ಹೊರತು, ಹೊಸ ಸಂಶೋಧನೆಗಳನ್ನು ಮತ್ತೆ ಕೈಕೊಳ್ಳಲಿಲ್ಲ. 1870ರಲ್ಲಿ ಪ್ರಷ್ಯದ ಸೈನ್ಯವು ಪ್ಯಾರಿಸನ್ನು ಮುತ್ತಿದ ಕಾಲದಲ್ಲಿ ತನ್ನ ಹುಟ್ಟೂರಾದ ಜುಯಾಕ್ ಗ್ರಾಮಕ್ಕೆ ಮರಳಿ, 1871ರ ಜನವರಿಯಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟಳು. ಬಳಿಕ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಆಕೆಯ ಹೆಸರು ಬಹುಮಟ್ಟಿಗೆ ಮರೆತುಹೋಗಿತ್ತು.

ಹೆಸರು ಮರೆತರೂ ಆಕೆ ತೋರಿದ ಹಾದಿಯು ಮುಚ್ಚಿ ಹೋಗಲಿಲ್ಲ. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಗೃಹಿಣಿಯು ಟಾರ್ಕಿ ತೀರದಲ್ಲಿ ದೊರೆತ ಒಂಟಿ ಹವಳಗಳನ್ನು ಸೂಜಿ ದಾರದಿಂದ ಸ್ಪಂಜಿಗೆ ಹೊಲಿದು, ಗಾಜಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಕಡಲು ದೂರವಾದುದರಿಂದ ಹೊಸ ನೀರು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಸುರಿಸಿ ಗಾಳಿಯನ್ನು ಕೂಡಿಸುವ ಏರ್ಪಾಡು ಮಾಡಿದಳು. 1847ರಲ್ಲಿ ಕಡಲಿನ ಪಾಚಿಯನ್ನು ಜೊತೆಗಿಟ್ಟ ಮೇಲೆ ಈ ಶ್ರಮವು ತಗ್ಗಿತು. ಬೆಳಕಿನಲ್ಲಿ ಪಾಚಿಯು ಬಿಡುವ ಪ್ರಾಣವಾಯುವು ಹವಳಗಳನ್ನು ಪೋಷಿಸಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬವನು ಇಂಥ ತೊಟ್ಟಿಗೆ ಅಕ್ವೇರಿಯಂ ಎಂಬ ಹೆಸರನ್ನು ರೂಢಿಗೆ ತಂದನು. ಕಡಲಿನ ಲವಣಗಳನ್ನು ಸಿಹಿನೀರಿನಲ್ಲಿ ಕರಗಿಸಿ ಕೃತಕವಾದ ಕಡಲನೀರನ್ನು ಮಾಡುವ ಕ್ರಮವನ್ನೂ ಪ್ರಕಟಿಸಿದನು. ಅಂದಿನಿಂದ ಕಡಲಿಲ್ಲದ ಊರಿನಲ್ಲಿಯೂ ಕಡಲಿನ ತೊಟ್ಟಿಯನ್ನು ಇಡುವುದು ಸಾಧ್ಯವಾಯಿತು.

ಈಗಿನ ಮನೆಯ ತೊಟ್ಟಿಗಳು ನಡೆಯುವುದೂ ಅದೇ ತತ್ತ್ವದಿಂದ. ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರಬೇಕು. ಉಷ್ಣಮಾನವು ಸುಮಾರು 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲಬೇಕು. ತೊಟ್ಟಿಯ ನೀರು ಆವಿಯಾದಾಗ ಲವಣವು ಹಿಂದೆಯೇ ಉಳಿಯುವುದರಿಂದ, ಕಡಿಮೆಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರನ್ನು ಸುರಿದರೆ ಉಪ್ಪು ಏರಿ ಜೀವಿಗಳು ಸಾಯುತ್ತವೆ. ಕಾಲುವೆಯ ನೀರು ಆರಿ ಆರಿ ಎರೆಹೊಲವು ಸವುಳಾಗುವುದನ್ನು ಕಂಡ ನಮ್ಮ ರೈತರ ಮಕ್ಕಳಿಗೆ ಈ ತತ್ತ್ವವು ಹೊಸದಲ್ಲ. ಜೀವಿಗಳ ಮಲದಿಂದ ಹುಟ್ಟುವ ಅಮೋನಿಯವು ವಿಷ. ಕಲ್ಲುಗಳ ಮೇಲೆ ನೆಲಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟನ್ನಾಗಿಯೂ ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಆ ಸೂಕ್ಷ್ಮಜೀವಿಗಳು ವೃದ್ಧಿಯಾಗಲು ಕೆಲವು ವಾರಗಳು ಬೇಕು. ಅಷ್ಟು ಕಾಲ ತೊಟ್ಟಿಯಲ್ಲಿ ಮೀನನ್ನು ಬಿಡದೆ ಕಾಯಬೇಕು. ಹವಳಗಳಿಗೆ ಬೆಳಕು, ಅಲೆಯಂತಹ ಚಲನೆ, ಎಲುಬು ಕಟ್ಟಲು ಸುಣ್ಣದ ಅಂಶ ಇವು ಎಡೆಬಿಡದೆ ದೊರೆಯಬೇಕು. ವಿದ್ಯುತ್ತು ಬಹಳ ಹೊತ್ತು ನಿಂತರೆ ತೊಟ್ಟಿಯೆಲ್ಲವೂ ನಾಶವಾಗಬಹುದು.

ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕು. ನಮ್ಮ ಕರ್ನಾಟಕದ ಕರಾವಳಿಯಲ್ಲಿ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ, ಹವಳಗಳು ಬೆಳೆದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯು 2001ರಿಂದ ಕಲ್ಲುಹವಳಗಳಿಗೂ ದೊರೆತಿದೆ. ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ. ಜೀವಿಯನ್ನು ಅರಿಯುವುದಕ್ಕಾಗಿ ಸಾಕುವುದು ಬೇರೆ, ಮನೆಯ ಅಂದಕ್ಕಾಗಿ ಕಡಲನ್ನು ಬರಿದು ಮಾಡುವುದು ಬೇರೆ.

1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ವಿಲ್‌ಪ್ರೂ ಪವರಳ ಹೆಸರನ್ನಿಟ್ಟರು. ಗೌರವವು ತಡವಾಗಿ ಬಂದಿತಾದರೂ ಯೋಗ್ಯವಾದುದೇ. ವಿದ್ಯಾರ್ಥಿನಿಯರು ಆಕೆಯ ಚರಿತ್ರೆಯಿಂದ ಗ್ರಹಿಸಬೇಕಾದುದು ಕೀರ್ತಿಯ ಆಸೆಯನ್ನಲ್ಲ. ಪಂಡಿತರು ಗ್ರಂಥಗಳ ಆಧಾರದಿಂದ ವಾದಿಸುತ್ತಿದ್ದಾಗ, ಆಕೆಯು ಒಂದು ಸಣ್ಣ ಜೀವಿಯನ್ನು ಬದುಕಿಸಿಕೊಂಡು, ಅದು ಏನು ಮಾಡುತ್ತದೆಂಬುದನ್ನು ತಾಳ್ಮೆಯಿಂದ ನೋಡಿದಳು. ದಿನವೂ ತಪ್ಪದ ಆರೈಕೆಯೂ ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆಯೂ ಆಕೆಯ ಬಂಡವಾಳ. ಅದನ್ನು ಸಂಪಾದಿಸಲು ಕಡಲಿನ ದಡದಲ್ಲಿಯೇ ಹುಟ್ಟಬೇಕಾದುದಿಲ್ಲ. ತುಂಗಭದ್ರೆಯ ದಡದಲ್ಲಿಯೂ ಅದು ಸಾಧ್ಯ.