ಕೂಲಿಯಾಳಿನ ವೇಷ ತೊಟ್ಟ ಗುರು

ಗುಲ್ವಾಡಿ, ಬಸ್ರೂರು ಕಡೆಯಿಂದ ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೆ ಹೋದವರಿಗೆಲ್ಲ ಹಿರಿಯರು ಒಂದು ಸಂಗತಿ ಹೇಳಿಯೇ ಇರುತ್ತಾರೆ. ಅಲ್ಲಿ ಪ್ರಾರ್ಥನೆಯಲ್ಲಿ ಮುಳುಗಿದ್ದ ಜೋಸೆಫ್ ವಾಜ್ ಗುರುಗಳು ನೆಲದಿಂದ ಮೇಲೆದ್ದು ನಿಂತಿದ್ದರಂತೆ. ಈ ನಂಬಿಕೆ ನಮಗೆಲ್ಲ ಪ್ರಿಯವಾದದ್ದು. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು, ಅದೇ ಗುರುಗಳು ಮುಂದೆ ಯಾಫ್ನಾದ ಬೀದಿಗಳಲ್ಲಿ ಮನೆಮನೆಗೆ ಹೋಗಿ ಬೇಡಿದ ದಿನಗಳು.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಆಗ ಈ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಧರ್ಮಸಭೆಯೊಳಗೆ ಪೋರ್ಚುಗೀಸರ ಹಕ್ಕು ದೊಡ್ಡದೋ, ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷರ ಅಧಿಕಾರ ದೊಡ್ಡದೋ ಎಂಬ ಜಗಳ ನಡೆದಿತ್ತು. ವಾಜ್ ಗುರುಗಳು ಎರಡೂ ಕಡೆಯವರ ನಡುವೆ ಸಮಾಧಾನ ತರಲು ದುಡಿದರು. ಮಂಗಳೂರಿನಿಂದ ಕುಂದಾಪುರ, ಗಂಗೊಳ್ಳಿಯವರೆಗೆ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿಕೊಂಡು ನಡೆದರು. 1684ರಲ್ಲಿ ಗೋವೆಗೆ ಮರಳಿ, ಮರುವರ್ಷ ಒರೆಟರಿ ಗುರುಗಳ ಸಣ್ಣ ಸಮುದಾಯವನ್ನು ಸೇರಿದರು. ಅಲ್ಲಿ ಅವರೇ ಹಿರಿಯರಾದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನೆಮ್ಮದಿಯಾಗಿ ನೆಲೆನಿಲ್ಲುತ್ತಿದ್ದರು.

ಆದರೆ ಅವರ ಮನಸ್ಸು ಸಿಲೋನಿನಲ್ಲಿತ್ತು. 1658ರಲ್ಲಿ ಡಚ್ಚರು ಯಾಫ್ನಾವನ್ನು ಗೆದ್ದ ಮೇಲೆ ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯ ಕಟ್ಟಳೆ ಇತ್ತು. ಸುಮಾರು 30 ವರ್ಷ ಅಲ್ಲಿನ ಜನರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. 1686ರಲ್ಲಿ ಗೋವೆ ಬಿಟ್ಟ ವಾಜ್ ಗುರುಗಳು ಮಲಬಾರು, ತೂತುಕುಡಿಗಳ ದಾರಿಯಾಗಿ ಮರುವರ್ಷ ಯಾಫ್ನಾ ಮುಟ್ಟಿದರು. ಮೈಮೇಲೆ ಕೂಲಿಯಾಳಿನ ಬಟ್ಟೆ, ಜೊತೆಗೆ ಜುವಾಂವ್ ಎಂಬ ಸಹಾಯಕ. ಅಷ್ಟೇ.

ಸಂತರಿಗೆ ಭಯವೇ ಇರಲಿಲ್ಲವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು ವೇಷ ಮರೆಸುತ್ತಾನೆಯೇ? ರಾತ್ರಿಯ ಹೊತ್ತು ಕದ್ದು ಪೂಜೆ ಮಾಡುತ್ತಾನೆಯೇ? ಧೈರ್ಯವೆಂಬುದು ಹೇಡಿತನಕ್ಕೂ ಹುಚ್ಚು ಸಾಹಸಕ್ಕೂ ನಡುವೆ ನಿಲ್ಲುತ್ತದೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದನ್ನು ನಾವು ಸೆಮಿನರಿಯಲ್ಲಿ ಓದಿದ್ದೆವು. ಓದುವಾಗ ಅದು ಬರೀ ಪರೀಕ್ಷೆಯ ಪಾಠವಾಗಿತ್ತು. ಈ ಗುರುಗಳನ್ನು ನೋಡಿದಾಗ ಅದಕ್ಕೊಂದು ಮುಖ ಸಿಕ್ಕಿತು.

ಯಾಫ್ನಾದಲ್ಲಿ ಅವರಿಗೆ ಮೊದಲು ಬಂದದ್ದು ರಕ್ತಭೇದಿ. ಅಂಟುರೋಗವೆಂದು ಹೆದರಿದ ಜನ ಊರ ಹೊರಗೆ ಹಾಕಿದರು. ಒಬ್ಬ ಹೆಂಗಸು ಕೊಟ್ಟ ಗಂಜಿಯಿಂದ ಜೀವ ಉಳಿಯಿತು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷೆಗೆ ಹೊರಟರು. ಜಪಸರ ಕಂಡು ಯಾರ ಮುಖದಲ್ಲಿ ಗುರುತಿನ ಬೆಳಕು ಮೂಡುತ್ತದೆಂದು ನೋಡುವುದು ಅವರ ಉಪಾಯ. ಅದೇ ಜಪಸರ ಡಚ್ಚರ ಕಡೆಯವನ ಕಣ್ಣಿಗೆ ಬಿದ್ದಿದ್ದರೆ? ಅವರು ಇದನ್ನು ಯೋಚಿಸಿರಲಿಲ್ಲವೆಂದು ನನಗನ್ನಿಸುವುದಿಲ್ಲ. ಹೀಗೆ ಒಂದೊಂದೇ ಕುಟುಂಬ ಸಿಕ್ಕಿತು. ಸಿಲ್ಲಾಲೆ ಎಂಬ ಹಳ್ಳಿ ಅವರ ನೆಲೆಯಾಯಿತು.

1689ರ ಕ್ರಿಸ್ಮಸ್ ರಾತ್ರಿ ಡಚ್ ಸೈನಿಕರು ಸೇರಿದ್ದ ವಿಶ್ವಾಸಿಗಳ ಮೇಲೆ ಬಿದ್ದರು. ಗುರುಗಳು ತಪ್ಪಿಸಿಕೊಂಡರು, ಜನ ಸೆರೆಯಾದರು. ಕೆಲವರನ್ನು ನಿರ್ದಯವಾಗಿ ಹೊಡೆದರು. ದೋನ್ ಪೆದ್ರು ಎಂಬವರು ಆ ಏಟಿನಿಂದ ತೀರಿಕೊಂಡರು. ತಾನು ಸಾಯುವ ಭಯವನ್ನು ಗೆಲ್ಲುವುದು ಒಂದು. ತನ್ನಿಂದಾಗಿ ಬೇರೆಯವರು ಸಾಯುತ್ತಾರೆಂಬ ಭಯ ಬೇರೆ. ಮಕ್ಕಳಿರುವ ತಂದೆತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಡಚ್ಚರ ಕೈಗೆಟುಕದ ಕ್ಯಾಂಡಿ ರಾಜ್ಯದ ಪುತ್ತಲಂಗೆ ಸರಿದರು, ಆದರೆ ಗೋವೆಗೆ ಮರಳಲಿಲ್ಲ. ಮುಂದೆ ಡಚ್ಚರ ಊರುಗಳಿಗೂ ಮತ್ತೆ ವೇಷ ಮರೆಸಿಕೊಂಡು ಹೋದರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಯಾರೋ ದೂರಿದ್ದರಿಂದ ಸೆರೆಮನೆ ಕಾದಿತ್ತು. ಅಲ್ಲಿಯೇ ಸಿಂಹಳ ಭಾಷೆ ಕಲಿತರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದಿತೆಂದು ಸಿಲೋನಿನ ಜನ ಇಂದಿಗೂ ನಂಬುತ್ತಾರೆ. ಎರಡನೆಯ ವಿಮಲಧರ್ಮಸೂರ್ಯ ರಾಜನ ಮನಸ್ಸು ಕರಗಿ, ಅವರು ರಾಜ್ಯದಲ್ಲಿ ಬಿಡುವಾಗಿ ಓಡಾಡುವಂತಾಯಿತು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಿತು. ರಾಜನೂ ದೊಡ್ಡ ಮನೆತನದವರೂ ನಗರ ಬಿಟ್ಟರು. ಸಿಡುಬು ಎದ್ದವರನ್ನು ಸ್ವಂತ ಮನೆಯವರೇ ಕಾಡಿಗೆ ಬಿಟ್ಟುಬಂದರು. ಅವರನ್ನು ಬೈಯುವ ಅಧಿಕಾರ ನಮಗಿಲ್ಲ, ಮೊನ್ನೆ 2020ರಲ್ಲಿ ಕೊರೊನಾ ಬಂದಾಗ ನಾವು ಹೇಗಿದ್ದೆವೆಂದು ನಮಗೇ ಗೊತ್ತು. ವಾಜ್ ಗುರುಗಳೂ ಅವರ ಸೋದರಳಿಯ ಜುಜೆ ಕರ್ವಾಲ್ಹೊ ಗುರುಗಳೂ ರೋಗಿಗಳಿಗೆ ಗುಡಿಸಲು ಕಟ್ಟಿದರು, ಹುಣ್ಣು ತೊಳೆದರು, ಉಣ್ಣಿಸಿದರು, ಸತ್ತವರಿಗೆ ಗುಂಡಿ ತೋಡಿದರು. ರೋಗಿ ಬೌದ್ಧನೋ ಕ್ರೈಸ್ತನೋ ಎಂದು ಕೇಳಲಿಲ್ಲ.

1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ, ಅವರು ಕ್ಯಾಂಡಿಯಲ್ಲಿಯೇ ತೀರಿಕೊಂಡರು. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಗೋವೆಯಿಂದ ಹೊರಟವರು ಮತ್ತೆ ಊರು ನೋಡಲೇ ಇಲ್ಲ.