ಕಾಯಕನಿಷ್ಠೆಯ ಶರಣೆ ಆಯ್ದಕ್ಕಿ ಲಕ್ಕಮ್ಮ

12ನೆಯ ಶತಮಾನದ ಕಲ್ಯಾಣವು ಕನ್ನಡ ನಾಡಿಗಿತ್ತ ಸ್ತ್ರೀರತ್ನಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಸ್ಥಾನ ವಿಶಿಷ್ಟವಾದುದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರ ಕ್ಷೇತ್ರದಿಂದ ಪತಿ ಮಾರಯ್ಯನೊಡನೆ ಕಲ್ಯಾಣಕ್ಕೆ ಬಂದ ಈ ತಾಯಿ, ಅರಮನೆಯ ಆಶ್ರಯವನ್ನಾಗಲಿ ಸಿರಿವಂತರ ಉಪಕಾರವನ್ನಾಗಲಿ ಬಯಸಲಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯನು ಆಯ್ದು ತರುವನು. ಅದನ್ನು ಹಸನುಗೊಳಿಸಿ, ಅಡಿಗೆ ಮಾಡಿ, ದಾಸೋಹವನ್ನು ನಡೆಸುವವಳು ಲಕ್ಕಮ್ಮ. ಆ ಕಾಯಕವೇ ದಂಪತಿಗಳ ಹೆಸರಿಗೆ ವಿಶೇಷಣವಾಯಿತು.

ಒಮ್ಮೆ ಮಾರಯ್ಯನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕದ ಹೊತ್ತನ್ನು ಮೀರಿಸಿದಾಗ, ಆತನನ್ನು ಎಚ್ಚರಿಸಿದವಳು ಆಕೆಯೇ. ಮತ್ತೊಮ್ಮೆ ಆತ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ದಾಸೋಹಕ್ಕಾಗಿಯೇ ಆದರೂ ಅಗತ್ಯವನ್ನು ಮೀರಿದುದು ಆಸೆಯೆಂದು ತಿಳಿಹೇಳಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಮಾರಯ್ಯನು ಮರುಮಾತಿಲ್ಲದೆ ಹಿಂದಿರುಗಿದನು.

ಈ ಪ್ರಸಂಗವನ್ನು ನಿರ್ಲೋಭದ ನಿದರ್ಶನವೆಂದು ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆ. ಮನೆಗೆ ಬಂದ ಗಳಿಕೆ ನ್ಯಾಯವಾದುದೇ, ಎಷ್ಟು ಸಾಕು ಎಂಬುದನ್ನು ನಿರ್ಣಯಿಸಿದವಳು ಗೃಹಿಣಿ. ಆಕೆಗೆ ಆ ಅಧಿಕಾರ ಬಂದುದು ದುಡಿಮೆಯಿಂದ. ಒಲೆಯ ಮುಂದಿನ ಶ್ರಮವೂ ಅಂಗಳದ ಶ್ರಮದಷ್ಟೇ ಪವಿತ್ರವಾದ ಕಾಯಕವೆಂದು ಶರಣರು ಮನ್ನಿಸಿದ್ದರು. ನೂಲುವ ಕದಿರ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮಮ್ಮ, ಕಸ ಗುಡಿಸುವ ಸತ್ಯಕ್ಕ ಇವರೆಲ್ಲರೂ ಸ್ವಂತ ದುಡಿಮೆಯ ಬಲದಿಂದಲೇ ವಚನ ನುಡಿದವರು. ಲಕ್ಕಮ್ಮನ 25 ವಚನಗಳು ಉಪಲಬ್ಧವಿವೆ. ಅವುಗಳ ಅಂಕಿತದಲ್ಲಿ ಪತಿಯ ಹೆಸರೂ ಊರ ದೈವದ ಹೆಸರೂ ಬೆಸೆದುಕೊಂಡಿವೆ. ವಿಜಯನಗರದ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯು ಈ ದಂಪತಿಗಳ ಸಂವಾದಕ್ಕೆ ಸ್ಥಾನವಿತ್ತಿತು. ಹಂಪೆಯ ನೆರೆಯಲ್ಲಿರುವ ನಮಗೆ ಇದು ಅಭಿಮಾನದ ಸಂಗತಿ.

ತೋರಣಗಲ್ಲಿನ ಸುತ್ತಲೂ ಇಂದು ಉಕ್ಕಿನ ಉದ್ಯಮ ಬೆಳೆದಿದೆ. ಸಂಡೂರಿನ ಗಣಿಗಳಲ್ಲಿ ಅದಿರು ಒಡೆದವರಲ್ಲಿ, ಕಂಪ್ಲಿಯ ಗದ್ದೆಗಳಲ್ಲಿ ಸಸಿ ನೆಡುವವರಲ್ಲಿ ಹೆಣ್ಣುಮಕ್ಕಳದು ದೊಡ್ಡ ಪಾಲು. ಸಮಾನ ವೇತನಕ್ಕೆ 1976ರಲ್ಲಿ ಶಾಸನವಾಯಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕವು 1994ರಲ್ಲಿ ಜಾರಿಗೆ ತಂದಿತು. ಆದರೂ ಕೂಲಿಯ ಹಣ ಕೈಸೇರಿದ ಬಳಿಕ ಅದರ ವಿನಿಯೋಗದಲ್ಲಿ ದುಡಿದವಳ ಮಾತು ನಡೆಯದ ಮನೆಗಳು ಇನ್ನೂ ಉಂಟು. ಆ ಮಾತು ನಡೆಯುವಂತಾಗಲು ಅಕ್ಷರವೂ ಲೆಕ್ಕವೂ ಬೇಕು. ಹೆಣ್ಣುಮಗುವನ್ನು ಶಾಲೆಗೆ ಕಳುಹಿಸುವ ತಾಯಿತಂದೆಗಳೂ, ಕಲಿಸುವ ಗುರುಗಳೂ, ಶುದ್ಧವಾದ ಗಳಿಕೆಯಿಂದ ಕೈನೀಡುವ ದಾನಿಗಳೂ ಲಕ್ಕಮ್ಮನ ದಾಸೋಹವನ್ನೇ ಮುಂದುವರಿಸುವವರು. ಆ ಮಹಾತಾಯಿಗೆ ಶರಣು ಶರಣಾರ್ಥಿ.