ರಜೆ ಹಾಕಿ ಹುಲಿ ಹುಡುಕಿದ ನೌಕರ

ನಮ್ಮ ಕಾಲೇಜಿನ ಹುಡುಗರಿಗೆ ದೇವರಾಯನದುರ್ಗ ಎಂದರೆ ಭಾನುವಾರದ ಬೈಕ್ ರೈಡ್. ನಾಮದ ಚಿಲುಮೆಯಲ್ಲಿ ನೀರು ಕುಡಿದು, ಬೆಟ್ಟ ಹತ್ತಿ, ನರಸಿಂಹಸ್ವಾಮಿಗೆ ಕೈಮುಗಿದು, ನಾಲ್ಕು ಸೆಲ್ಫಿ ತೆಗೆದುಕೊಂಡು ತುಮಕೂರಿಗೆ ವಾಪಸ್ ಬಂದು ತಟ್ಟೆ ಇಡ್ಲಿ ತಿಂದರೆ ದಿನ ಸಾರ್ಥಕ. ಈ ಬೆಟ್ಟದಲ್ಲಿ ಹಿಂದೆ ಹುಲಿ ಇತ್ತು, ಅದರ ಕತೆ ಇಂಗ್ಲಿಷ್ ಪುಸ್ತಕವೊಂದರಲ್ಲಿ ಒಂದು ಇಡೀ ಅಧ್ಯಾಯವಾಗಿದೆ ಎಂದರೆ ಗೆಳೆಯರು ನಂಬುವುದಿಲ್ಲ. ಬರೆದವರು ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಈ ಹೆಸರು ಹೊಸದಲ್ಲ.

ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ಹೈದರಾಬಾದ್ ಬಳಿಯ ಬೊಲಾರಂನಲ್ಲಿ. ಮನೆತನ ಸ್ಕಾಟ್ಲೆಂಡ್ ಮೂಲದ್ದಾದರೂ ಹಲವು ತಲೆಮಾರುಗಳಿಂದ ಇಲ್ಲೇ ನೆಲೆಸಿತ್ತು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ. ಕಾನೂನು ಓದಲೆಂದು ಅಪ್ಪ ಎಡಿನ್‌ಬರೋಗೆ ಕಳಿಸಿದರು. ಮಗನಿಗೆ ಅದು ಹಿಡಿಸಲಿಲ್ಲ, ಅರ್ಧಕ್ಕೇ ಬಿಟ್ಟು ಬಂದರು. ಆಮೇಲೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದರು. ನಂತರ ಬೆಂಗಳೂರಿನ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್‌ನಲ್ಲಿ ಪ್ಲಾನಿಂಗ್ ವಿಭಾಗದ ಮ್ಯಾನೇಜರ್ ಆದರು.

ನನಗೆ ಅವರು ಹತ್ತಿರ ಅನಿಸಿದ್ದು ಇಲ್ಲಿಯೇ. ಬೇಟೆ ಎಂದರೆ ಮಹಾರಾಜರು, ವೈಸ್‌ರಾಯ್‌ಗಳು, ನೂರಾರು ಆಳುಗಳು, ಸಾಲು ಸಾಲು ಆನೆಗಳು ಎಂದೇ ನಾನು ತಿಳಿದಿದ್ದೆ. ಆಂಡರ್ಸನ್ ಸಂಬಳದ ನೌಕರ. ಎಲ್ಲೋ ನರಭಕ್ಷಕ ಕಾಣಿಸಿಕೊಂಡಿದೆ ಎಂಬ ಸುದ್ದಿ ಬಂದರೆ ರಜೆ ಹಾಕಬೇಕು, ತನ್ನ ಸ್ಟುಡಿಬೇಕರ್ ಕಾರಿಗೆ ತಾನೇ ಪೆಟ್ರೋಲ್ ಹಾಕಿಸಿಕೊಂಡು ಹೊರಡಬೇಕು, ರಜೆ ಮುಗಿಯುವುದರೊಳಗೆ ಹಿಂತಿರುಗಬೇಕು. ಎಷ್ಟೋ ಸಲ ಪ್ರಾಣಿ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ಕಾಲದಲ್ಲಿ ಕೋವಿ ಇದ್ದವರೆಲ್ಲ ಕಾಡಿಗೆ ನುಗ್ಗಬಹುದಿತ್ತು ಎಂಬುದೂ ತಪ್ಪು ತಿಳಿವಳಿಕೆ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆ ಕುರಿತು ಕಾಯ್ದೆ ಮಾಡಿತ್ತು. ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕು, ನಿಷೇಧದ ಕಾಲದಲ್ಲಿ ಹೊಡೆಯಬಾರದು, ಕಾದಿಟ್ಟ ಕಾಡಿಗೆ ಕಾಲಿಡಬಾರದು. ಪುಂಡಾನೆಯನ್ನು ಹೊಡೆಯಬೇಕಾದರೆ ಸರ್ಕಾರ ಮೊದಲು ಅದನ್ನು ಪುಂಡಾನೆ ಎಂದು ಸಾರಬೇಕಿತ್ತು. ಹಣ ಕಟ್ಟಿದವನಿಗೆ ನೂರು ನಿಯಮ, ಕದ್ದು ಹೊಡೆಯುವವನಿಗೆ ಒಂದೂ ಇಲ್ಲ ಎಂಬ ಗೊಣಗಾಟ ಲೈಸೆನ್ಸ್ ಇದ್ದ ಬೇಟೆಗಾರರಲ್ಲಿ ಸಹಜವಾಗಿತ್ತು. ರಾತ್ರಿ ಜೀಪಿನಲ್ಲಿ ಬಂದು, ಪ್ರಾಣಿಗಳ ಕಣ್ಣಿಗೆ ದೀಪ ಬಿಟ್ಟು ಸುಡುವವರ ಮೇಲೆ ಆಂಡರ್ಸನ್‌ಗೂ ವಿಪರೀತ ಸಿಟ್ಟಿತ್ತು.

ದಾಖಲೆಗಳ ಪ್ರಕಾರ 1939ರಿಂದ 1966ರ ನಡುವೆ ಅವರು 8 ನರಭಕ್ಷಕ ಚಿರತೆ ಮತ್ತು 7 ನರಭಕ್ಷಕ ಹುಲಿಗಳನ್ನು ಹೊಡೆದರು. ಅವರ ಕತೆಗಳ ಭೂಪಟ ನಮ್ಮದೇ ಸುತ್ತಮುತ್ತಲಿನದು. ಹೊಸದುರ್ಗ, ಹೊಳಲ್ಕೆರೆ, ಮಾಗಡಿ, ದೇವರಾಯನದುರ್ಗ. ಈಗ ಕಾರ್ಖಾನೆಗಳಿಂದ ತುಂಬಿರುವ ಜಾಲಹಳ್ಳಿಯಲ್ಲೂ ಒಂದು ಚಿರತೆಯ ಕತೆ ನಡೆಯುತ್ತದೆ. ಕನ್ನಡ, ತಮಿಳು ಚೆನ್ನಾಗಿ ಬಲ್ಲ ಅವರು ಹಳ್ಳಿಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ ಜನರ ಜೊತೆ ಕೂತು ಮಾತನಾಡುವುದು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬಂತು, ಹೆಜ್ಜೆ ಹೇಗಿತ್ತು? ಕಾಡಿನ ವಿದ್ಯೆಯನ್ನು ಬೈರನಂಥ ಕಾಡುವಾಸಿಗಳಿಂದ ಕಲಿತೆ ಎಂದು ಮುಚ್ಚುಮರೆ ಇಲ್ಲದೆ ಬರೆದರು. ಬೈರ, ರಂಗ ಇವರೆಲ್ಲ ಅವರ ಪುಸ್ತಕಗಳಲ್ಲಿ ಆಳುಗಳಾಗಿ ಅಲ್ಲ, ಗೆಳೆಯರಾಗಿ ಬರುತ್ತಾರೆ.

ಮೊದಲ ಪುಸ್ತಕ ಬಂದಾಗ ಅವರಿಗೆ 44 ವರ್ಷ. ಅದೇ 1954ರ ಪುಸ್ತಕದಲ್ಲಿ ನಮ್ಮ ದೇವರಾಯನದುರ್ಗದ ಹುಲಿ ಇದೆ. ಆಮೇಲೆ ಒಂದರ ಹಿಂದೊಂದು ಬಂದವು. ಒಟ್ಟು 8 ಕಾಡಿನ ಪುಸ್ತಕಗಳು, ಕೊನೆಯದು ಅವರು ತೀರಿಕೊಂಡ ಮೇಲೆ 1976ರಲ್ಲಿ ಅಚ್ಚಾಯಿತು. ವಯಸ್ಸಾದಂತೆ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು. ಕಾಡು ಕರಗುವುದನ್ನು ಕಂಡು ಅವರ ಬರವಣಿಗೆಯಲ್ಲಿ ಸಾಹಸಕ್ಕಿಂತ ಸಂಕಟವೇ ಹೆಚ್ಚಾಗುತ್ತಾ ಹೋಯಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆಯ ಮೊದಲ 9 ಕಾಡುಗಳಲ್ಲಿ ನಮ್ಮ ಬಂಡೀಪುರವೂ ಸೇರಿತು. 1974ರ ಆಗಸ್ಟ್‌ನಲ್ಲಿ ಆಂಡರ್ಸನ್ ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಾಯ್ದೆಯಲ್ಲಿ ಉಳಿದುಕೊಂಡಿದ್ದ ಬೇಟೆ ಲೈಸೆನ್ಸ್ ಕೂಡ 1991ರ ತಿದ್ದುಪಡಿಯಲ್ಲಿ ಹೋಯಿತು. ಬೇಟೆಗಾರ ಕಟ್ಟುವ ಶುಲ್ಕಕ್ಕೆ ಅಲ್ಲಿಗೆ ಪೂರ್ಣವಿರಾಮ.

ಆದರೆ ಚಿರತೆ ಉಳಿದಿದೆ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಕುಣಿಗಲ್ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರಮಾವ ಇಂದಿಗೂ ಸಂಜೆ ಆರರ ಮೇಲೆ ತೋಟಕ್ಕೆ ಒಬ್ಬರೇ ಹೋಗುವುದಿಲ್ಲ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದರೆ ಮೋಟರ್ ಹಾಕಲು ಇಬ್ಬರು ಬ್ಯಾಟರಿ ಹಿಡಿದು ಹೋಗಬೇಕು. ಅವರ ಮಾತು ಒಂದೇ: ಹಿಂದೆ ಆಂಡರ್ಸನ್ ಥರದವರು ಬಂದು ಹೊಡೆದು ಹೋಗುತ್ತಿದ್ದರು, ಈಗ ಬೋನು ಇಟ್ಟು ಕಾಯಬೇಕು.

ಮಾವನ ಸಿಟ್ಟು ಸುಳ್ಳಲ್ಲ. ಆದರೆ ಆಂಡರ್ಸನ್ ಕಂಡ ಚಿರತೆಗೆಲ್ಲ ಗುಂಡು ಹಾರಿಸಿದವರಲ್ಲ. ದಾಳಿ ಮಾಡಿದ್ದು ಯಾವುದು ಎಂದು ಹೆಜ್ಜೆ ನೋಡಿ, ಜಾಗ ನೋಡಿ, ದಿನಗಟ್ಟಲೆ ಕಾದವರು. ಇಂದಿನ ಕಾನೂನು ಕೇಳುವುದೂ ಬಹುಪಾಲು ಅದನ್ನೇ. ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬಹುದು. ಆದರೆ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಬಿಡಲು ಆಗುವುದಿಲ್ಲ ಎಂಬುದು ಮೊದಲು ಖಚಿತವಾಗಬೇಕು. ಅಂದಿನ ಬೇಟೆಗಾರ ಒಬ್ಬನೇ ಮಾಡುತ್ತಿದ್ದ ಕೆಲಸಕ್ಕೆ ಇಂದು ಬೋನು, ಕ್ಯಾಮೆರಾ, ಪಶುವೈದ್ಯರು, ವಾಹನ, ರಾತ್ರಿ ಗಸ್ತಿನ ಸಿಬ್ಬಂದಿ ಎಲ್ಲವೂ ಬೇಕು. ಎಲ್ಲಕ್ಕೂ ದುಡ್ಡು ಬೇಕು.

ಅಮೆರಿಕದಲ್ಲಿ 1937ರಿಂದ ಬಂದೂಕು, ಗುಂಡುಗಳ ಮೇಲಿನ ತೆರಿಗೆ ಮತ್ತು ಬೇಟೆಗಾರರ ಲೈಸೆನ್ಸ್ ಶುಲ್ಕದಿಂದಲೇ ರಾಜ್ಯಗಳ ವನ್ಯಜೀವಿ ಇಲಾಖೆಗಳು ಬಹುಮಟ್ಟಿಗೆ ನಡೆಯುತ್ತಿವೆ. ಈಗ ಅಲ್ಲಿ ಬೇಟೆಗಾರರ ಸಂಖ್ಯೆ ಇಳಿಯುತ್ತಿದೆ. ಇಲಾಖೆಯ ಆದಾಯ ಕುಸಿದರೆ ಶುಲ್ಕ ಏರುತ್ತದೆ, ಶುಲ್ಕ ಏರಿದರೆ ಉಳಿದವರು ಮುನಿಯುತ್ತಾರೆ. ಸೇವೆ ಕಡಿಮೆ, ಬಿಲ್ಲು ಜಾಸ್ತಿ ಎಂಬುದು ಅವರ ದೂರು. ನಮ್ಮಲ್ಲಿ ಆ ದಾರಿ ಬೇಡವೆಂದು ನಾವೇ ತೀರ್ಮಾನಿಸಿದ್ದೇವೆ, ಅದು ಸರಿಯೂ ಹೌದು. ಹಾಗಾದರೆ ಕಾಡಿನ ಖರ್ಚು ಸರ್ಕಾರದ ಬಜೆಟ್ಟಿನದ್ದು, ಅಂದರೆ ನಮ್ಮೆಲ್ಲರದ್ದು. ಬೇಟೆಗಾರನಾದರೂ ತಾನು ಕಟ್ಟಿದ ಹಣ ಎಲ್ಲಿ ಹೋಯಿತು ಎಂದು ಜಗಳ ಆಡುತ್ತಾನೆ. ಚಿರತೆ ಬಂದಾಗ ರಸ್ತೆ ತಡೆ ಮಾಡುವ ನಾವು, ಬಜೆಟ್ ಮಂಡನೆಯ ದಿನ ಅರಣ್ಯಕ್ಕೆ ಎಷ್ಟು ಕೊಟ್ಟರು ಎಂದು ನೋಡುವುದೇ ಇಲ್ಲ.

ಅರಣ್ಯ ರಕ್ಷಕ ಹುದ್ದೆಗೆ ಅರ್ಜಿ ಕರೆದರೆ ನನ್ನ ಹಾಸ್ಟೆಲಿನಲ್ಲೂ ಓಟದ ಅಭ್ಯಾಸ ಶುರುವಾಗುತ್ತದೆ. ಅವರಲ್ಲಿ ಯಾರಾದರೂ ಕೆಲಸ ಸಿಕ್ಕಿ ಗುಬ್ಬಿಗೋ ಕುಣಿಗಲ್ಲಿಗೋ ಬಂದರೆ ಆಂಡರ್ಸನ್ ಮಾಡುತ್ತಿದ್ದ ಮೊದಲ ಕೆಲಸ ಅವರೂ ಮಾಡಲಿ: ಹಳ್ಳಿಯವರ ಜೊತೆ ಕೂತು ಕೇಳುವುದು. ಅದಕ್ಕೆ ಬಜೆಟ್ ಬೇಕಿಲ್ಲ. ಉಳಿದದ್ದಕ್ಕೆ ಬೇಕು, ಅದನ್ನು ಕೇಳುವ ಕೆಲಸ ನಮ್ಮದು.